ಬೀಗ ಬಿದ್ದಿದ್ದ ಸೂಚಿ

ಐರ್ಲೆಂಡಿನಲ್ಲಿ ಮನೆತನದ ಮೂಲ ಹುಡುಕುವವರಿಗೆ ಜನಗಣತಿಯ ಆಸರೆ ಕಡಿಮೆ. 1861ರಿಂದ 1891ರವರೆಗಿನ ಗಣತಿಯ ಹಾಳೆಗಳನ್ನು ಸರ್ಕಾರವೇ ನಾಶಮಾಡಿತು. ಅದಕ್ಕೂ ಹಿಂದಿನವು ಬಹುಪಾಲು 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಹೀಗಾಗಿ 1864ರಲ್ಲಿ ಎಲ್ಲರಿಗೂ ಕಡ್ಡಾಯವಾದ ಜನನ, ಮರಣ, ಮದುವೆಗಳ ನೋಂದಣಿಯೇ ದೊಡ್ಡ ಆಧಾರ. ಅಲ್ಲೂ ಹೆಸರು ಸಿಗದಿದ್ದರೆ ಹಲವರು ಕೈಚೆಲ್ಲುತ್ತಾರೆ. ಚೆಲ್ಲಬಾರದು. ಅದೇ ನೋಂದಣಿ ಕಚೇರಿಯ ಲೆಕ್ಕದಲ್ಲಿ ಬೇರೆ ಸಣ್ಣ ಪುಸ್ತಕಗಳಿವೆ: ಸಮುದ್ರದ ಮೇಲೆ ಹುಟ್ಟಿದವರದು, ಸತ್ತವರದು, ಯುದ್ಧದಲ್ಲಿ ಮಡಿದ ಸೈನಿಕರದು. ಸತ್ತು ಹುಟ್ಟಿದ ಶಿಶುಗಳಿಗೂ 1995ರಿಂದ ಒಂದು ಪುಸ್ತಕವಿದೆ. ಅದಕ್ಕೆ ಎಷ್ಟೋ ವರ್ಷ ಹಿಂದೆ ಕಳೆದುಕೊಂಡ ಮಗುವನ್ನೂ ತಂದೆತಾಯಿ ಸೇರಿಸಬಹುದು. ಅಂಥ ಅವಕಾಶ ಇಟ್ಟ ಕಾನೂನಿನ ಮೇಲೆ ನನಗೆ ಗೌರವವಿದೆ.

ದತ್ತು ಮಕ್ಕಳ ರಿಜಿಸ್ಟರಿನ ಬಗ್ಗೆ ಹಾಗೆ ಹೇಳಲಾರೆ. ಅಲ್ಲಿ ಕಾನೂನುಬದ್ಧ ದತ್ತು ಆರಂಭವಾದದ್ದೇ 1953ರಲ್ಲಿ. ಮದುವೆಯಾಗದೆ ತಾಯಿಯಾದವಳ ಮಗುವನ್ನು ಬೇರೆ ದಂಪತಿಗೆ ಕೊಟ್ಟಾಗ ಈ ರಿಜಿಸ್ಟರಿನಲ್ಲಿ ಹೊಸ ಹೆಸರೂ ಸಾಕುವವರ ಹೆಸರೂ ಏರುತ್ತಿದ್ದವು, ಹೆತ್ತವಳದು ಇರುತ್ತಿರಲಿಲ್ಲ. ಆದರೆ ಮೊದಲ ಜನನ ದಾಖಲೆಯನ್ನು ಯಾರೂ ಅಳಿಸಲಿಲ್ಲ. ಅದು ಸಾಮಾನ್ಯ ಜನನ ಪುಸ್ತಕದಲ್ಲಿ, ಯಾರು ಬೇಕಾದರೂ ನೋಡಬಹುದಾದ ಕಡೆ, ತಾಯಿಯ ಹೆಸರಿನ ಸಮೇತ ಹಾಗೇ ಇತ್ತು. ಎರಡನ್ನೂ ಬೆಸೆಯುವ ಸೂಚಿಗೆ ಮಾತ್ರ ಬೀಗ. ಹುಟ್ಟಿದ ದಿನಾಂಕವೊಂದನ್ನೇ ಹಿಡಿದು, ಅಂದು ಹುಟ್ಟಿದ ಮಕ್ಕಳನ್ನೆಲ್ಲ ಒಂದೊಂದಾಗಿ ಜರಡಿ ಹಿಡಿದು ತಾಯಿಯನ್ನು ಹುಡುಕಿದವರಿದ್ದಾರೆ. ಸ್ವಂತ ಜನನ ಪ್ರಮಾಣಪತ್ರ ಪಡೆಯುವ ಹಕ್ಕು ಅವರಿಗೆ ಕಾನೂನಿನಲ್ಲಿ ಸಿಕ್ಕಿದ್ದು 2022ರ ಅಕ್ಟೋಬರಿನಲ್ಲಿ. ಸುಮಾರು ಎಪ್ಪತ್ತು ವರ್ಷ! ಮಕ್ಕಳೇ ಮುದುಕರಾಗುವಷ್ಟು ಕಾಲ ಈ ಹಕ್ಕನ್ನು ತಡೆಹಿಡಿದದ್ದಕ್ಕೆ ಯಾವ ಸಮಜಾಯಿಷಿಯೂ ನನಗೆ ಒಪ್ಪಿತವಲ್ಲ.

ಇದಕ್ಕಿಂತಲೂ ಕಷ್ಟದಲ್ಲಿರುವವರು ಇನ್ನೊಂದು ಗುಂಪಿನವರು. ಸಾಕಲು ಒಯ್ದ ಮಗುವನ್ನು ತಾವೇ ಹೆತ್ತದ್ದೆಂದು ಬರೆಸಿದ ದಂಪತಿಗಳೂ ಇದ್ದರು. ಸೇಂಟ್ ಪ್ಯಾಟ್ರಿಕ್ಸ್ ಗಿಲ್ಡ್ ಎಂಬ ದತ್ತು ಸಂಸ್ಥೆಯ ಕಡತಗಳಲ್ಲಿ 1946ರಿಂದ 1969ರ ನಡುವಿನ ಇಂಥ 126 ಪ್ರಕರಣ ಗುರುತಿಸಿದ್ದಾಗಿ ಸರ್ಕಾರ 2018ರಲ್ಲಿ ಪ್ರಕಟಿಸಿತು. ಈ ಮಕ್ಕಳ ಪಾಲಿಗೆ ಜನನ ಪುಸ್ತಕವೇ ಸುಳ್ಳು ಹೇಳುತ್ತದೆ. ದತ್ತಿನ ರಿಜಿಸ್ಟರಿನಲ್ಲಿ ಇವರ ಹೆಸರಿಲ್ಲ, ಆ ಸೂಚಿಯಲ್ಲೂ ಇಲ್ಲ. ಸಂಸ್ಥೆಯ ಹಳೆಯ ಕಡತ, ಬದುಕಿರುವ ಬಂಧುಗಳ ನೆನಪು, ಡಿಎನ್‌ಎ ಪರೀಕ್ಷೆ ಇವುಗಳಿಂದಲೇ ಅವರು ಹುಡುಕಾಟ ಶುರುಮಾಡಬೇಕು.