ಮರಳಿ ತೆರೆಯುವ ದಿನವನ್ನು ಹೇಳದ ಶಾಲೆ



ವಿದ್ಯೆಯು ಮನುಷ್ಯನ ಒಳಗಣ್ಣೆಂದು ಹೇಳದ ಮತವಿಲ್ಲ. ಆ ಕಣ್ಣಿಗೆ ಗಂಡು ಹೆಣ್ಣೆಂಬ ಭೇದವುಂಟೆ? ಆದರೂ ಧರ್ಮದ ಹೆಸರನ್ನು ಮುಂದೊಡ್ಡಿಯೇ ಹೆಣ್ಣುಮಕ್ಕಳ ಈ ಕಣ್ಣನ್ನು ಕಟ್ಟುವ ಅಕೃತ್ಯವು ನಮ್ಮ ಕಾಲದಲ್ಲಿಯೇ ನಡೆದಿದೆ. ಅದನ್ನು ಎದುರಿಸಿ ಮಾತನಾಡಿದವರಲ್ಲಿ ಶಾಲೆಗೆ ಹೋಗುವ ಎಳೆಯ ಬಾಲಿಕೆಯರೂ ಇದ್ದರೆಂಬುದು ನಮ್ಮಂತಹ ಗ್ರಂಥಪಾಠಕರು ಕುಳಿತು ಚಿಂತಿಸತಕ್ಕ ವಿಷಯವಾಗಿದೆ.

ಪಾಕಿಸ್ತಾನದ ವಾಯವ್ಯ ಭಾಗದಲ್ಲಿ ಸ್ವಾತ್ ಎಂಬ ಕಣಿವೆಯಿದೆ. ಅಲ್ಲಿನ ಮಿಂಗೋರಾ ಪಟ್ಟಣದಲ್ಲಿ ಮಲಾಲಾ ಯೂಸುಫ್‌ಝೈ 1997ರ ಜುಲೈ 12ರಂದು ಹುಟ್ಟಿದಳು. ತಂದೆ ಜಿಯಾವುದ್ದೀನರು ಶಾಲೆ ನಡೆಸುತ್ತಿದ್ದವರು. ಕಣಿವೆಯಲ್ಲಿ ಪ್ರಬಲರಾಗಿದ್ದ ತಾಲಿಬಾನಿಗಳು 2009ರ ಜನವರಿ 15ರ ಬಳಿಕ ಹೆಣ್ಣುಮಕ್ಕಳು ಶಾಲೆಗೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದರು. ಆಗ 11 ವರ್ಷದವಳಾಗಿದ್ದ ಮಲಾಲಾ ‘ಗುಲ್ ಮಕಾಯ್’ ಎಂಬ ಮರೆಹೆಸರಿನಲ್ಲಿ ಬಿಬಿಸಿಯ ಉರ್ದು ವಿಭಾಗಕ್ಕೆ ತನ್ನ ದಿನಚರಿಯನ್ನು ಒದಗಿಸಿದಳು.

ಆ ದಿನಚರಿಯಲ್ಲಿ ವೀರಾವೇಶದ ಮಾತುಗಳಿಲ್ಲ. ತರಗತಿಯ 27 ಮಂದಿಯಲ್ಲಿ ಆ ದಿನ ಬಂದವರು 11 ಮಂದಿ ಮಾತ್ರವೆಂದು ಒಂದು ದಿನ ಬರೆಯುತ್ತಾಳೆ. ಸಮವಸ್ತ್ರ ಬೇಡವೆಂದರೆಂದು ತನಗೆ ಪ್ರಿಯವಾದ ಗುಲಾಬಿ ಬಣ್ಣದ ಉಡುಪು ತೊಟ್ಟುಹೋದರೆ, ಬಣ್ಣದ ಬಟ್ಟೆಯೂ ಕೂಡದೆಂದು ಅಪ್ಪಣೆಯಾಯಿತೆಂದು ಇನ್ನೊಂದು ದಿನ. ರಜೆಗೆ ಮುನ್ನಿನ ಕಡೆಯ ದಿನದ ಸಂಗತಿಯಂತೂ ನನ್ನ ಮನಸ್ಸಿನಿಂದ ಹೋಗದು. ಮುಖ್ಯೋಪಾಧ್ಯಾಯಿನಿಯು ರಜೆಯನ್ನು ಸಾರಿದರು. ಶಾಲೆ ಮರಳಿ ತೆರೆಯುವ ದಿನವನ್ನು ಮಾತ್ರ ಹೇಳಲಿಲ್ಲ. ಮಗು ಅದನ್ನು ಗಮನಿಸಿತು. ಹಾಜರಿಪುಸ್ತಕ ಹಿಡಿದು ಮೂರು ದಶಕ ಕಳೆದ ನನಗೆ ಆ ಮೌನದ ಭಾರವೇನೆಂಬುದು ತಿಳಿಯುತ್ತದೆ.

2012ರ ಅಕ್ಟೋಬರ್ 9ರಂದು, ಪರೀಕ್ಷೆ ಬರೆದು ಶಾಲಾ ವಾಹನದಲ್ಲಿ ಮನೆಗೆ ಮರಳುತ್ತಿದ್ದಾಗ, ಬಂದೂಕುಧಾರಿಯೊಬ್ಬನು ಹತ್ತಿಬಂದು ಮಲಾಲಾ ಯಾರೆಂದು ಕೇಳಿ ಅವಳ ತಲೆಗೆ ಗುಂಡು ಹಾರಿಸಿದನು. ಜೊತೆಯಲ್ಲಿದ್ದ ಶಾಜಿಯಾ, ಕಾಯನಾತ್ ಎಂಬ ಸಹಪಾಠಿಗಳೂ ಗಾಯಗೊಂಡರು. (ಈ ಇಬ್ಬರನ್ನು ಲೋಕವು ಬೇಗ ಮರೆಯಿತು, ಅವರೂ ಮುಂದೆ ಓದನ್ನು ಬಿಡಲಿಲ್ಲ.) ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಚಿಕಿತ್ಸೆ ಪಡೆದು ಬದುಕಿದ ಮಲಾಲಾ, ತನ್ನ 16ನೆಯ ಹುಟ್ಟುಹಬ್ಬದಂದು ವಿಶ್ವಸಂಸ್ಥೆಯಲ್ಲಿ ಮಾತನಾಡಿ, ತನಗೆ ಗುಂಡಿಟ್ಟವನ ಮೇಲೆಯೂ ದ್ವೇಷವಿಲ್ಲವೆಂದಳು, ತಾಲಿಬಾನಿಗಳ ಮಕ್ಕಳಿಗೂ ವಿದ್ಯೆ ಸಿಗಲೆಂದಳು. 2014ರಲ್ಲಿ ನಮ್ಮ ದೇಶದ ಕೈಲಾಸ್ ಸತ್ಯಾರ್ಥಿಯವರೊಡನೆ ನೊಬೆಲ್ ಶಾಂತಿ ಪುರಸ್ಕಾರವು ಆಕೆಗೆ ಸಂದಿತು. 2020ರಲ್ಲಿ ಆಕ್ಸ್‌ಫರ್ಡಿನಲ್ಲಿ ಪದವಿ ಮುಗಿಸಿದಳು. ಪುರಸ್ಕಾರಕ್ಕಿಂತ ಈ ಪದವಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಓದಬೇಡವೆಂದವರಿಗೆ ಓದಿ ಮುಗಿಸಿದ್ದೇ ಉತ್ತರವಲ್ಲವೆ?

ಇದೆಲ್ಲ ಅನ್ಯಮತದವರ ಮೌಢ್ಯವೆಂದು ಕೈತೊಳೆದುಕೊಳ್ಳುವವರು ನಮ್ಮಲ್ಲಿರಬಹುದು. ಅಂಥವರು ಒಂದು ಸಂಗತಿಯನ್ನರಿಯಬೇಕು. ಪ್ರವಾದಿಗಳಿಗೆ ಮೊದಲು ಇಳಿದುಬಂದ ದೈವವಾಣಿಯ ಆದಿಶಬ್ದವು ‘ಓದು’ ಎಂಬರ್ಥದ್ದೆಂದು ಮುಸ್ಲಿಮರ ನಂಬಿಕೆ. ಆ ಬಾಲಿಕೆಯು ತನ್ನ ಧರ್ಮವನ್ನು ಬಿಟ್ಟು ವಾದಿಸಲಿಲ್ಲ. ತನ್ನ ಧರ್ಮವೇ ವಿದ್ಯೆಯನ್ನು ಕಡ್ಡಾಯಗೊಳಿಸಿದೆಯೆಂದು ವಾದಿಸಿದಳು. ದೋಷವಿದ್ದದ್ದು ಗ್ರಂಥದಲ್ಲಲ್ಲ, ಅದನ್ನು ತಮ್ಮ ಅಧಿಕಾರಕ್ಕೆ ಆಯುಧ ಮಾಡಿಕೊಂಡವರಲ್ಲಿ.

ಇನ್ನು ನಮ್ಮ ಮಾತು. ಅಕ್ಕಮಹಾದೇವಿಯ ವಚನಗಳಿಗೆ ಅರ್ಥ ಹೇಳಿ ಹೊಟ್ಟೆ ಹೊರೆದವನು ನಾನು. ಹಲವು ವರ್ಷಗಳ ಹಿಂದೆ, ಏಳನೆಯ ತರಗತಿಯಲ್ಲಿ ಮೊದಲಿಗಳಾಗಿ ತೇರ್ಗಡೆಯಾದ ಹುಡುಗಿಯೊಬ್ಬಳ ತಂದೆಯು ಬಂದು, ಇನ್ನು ಸಾಕು, ಹೆಸರು ತೆಗೆಯಿರಿ ಎಂದರು. ಅವರು ದೊಡ್ಡ ಭಕ್ತರು, ದಾಸೋಹಕ್ಕೆ ಪ್ರತಿವರ್ಷವೂ ಧಾನ್ಯ ಕಳುಹಿಸುವವರು. ನಾನು ಏಕೆಂದು ಕೇಳಲಿಲ್ಲ. ಕೆಂಪು ಶಾಯಿಯಿಂದ ಗೆರೆಯೆಳೆದೆನು. ಬಾಗಿಲ ಹೊರಗೆ ನಿಂತಿದ್ದ ಆ ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಅಲ್ಲಿ ಬಂದೂಕು ಇರಲಿಲ್ಲ. ನನ್ನ ಸಂಕೋಚವೊಂದೇ ಸಾಕಾಯಿತು.

ಇಂದು ಈ ಪ್ರಸಂಗವನ್ನೆತ್ತಲು ಆಫ್ಘಾನಿಸ್ತಾನವು ಕಾರಣ. 2021ರ ಆಗಸ್ಟಿನಲ್ಲಿ ತಾಲಿಬಾನಿಗಳು ಅಲ್ಲಿ ಮರಳಿ ಅಧಿಕಾರ ಹಿಡಿದರು. ಸೆಪ್ಟೆಂಬರಿನಲ್ಲಿ ಪ್ರೌಢಶಾಲೆಗಳನ್ನು ಗಂಡುಮಕ್ಕಳಿಗೆ ಮಾತ್ರ ತೆರೆದರು. ಆರನೆಯ ತರಗತಿಯ ಮೇಲಿನ ಹುಡುಗಿಯರಿಗೆ 2022ರ ಮಾರ್ಚ್ 23ರಂದು ಬಾಗಿಲು ತೆರೆಯುವುದೆಂದು ವಚನವಿತ್ತರು. ಮಕ್ಕಳು ಚೀಲ ಹೊತ್ತು ಹರ್ಷದಿಂದ ಬಂದರು. ಕೆಲವೇ ಗಂಟೆಗಳಲ್ಲಿ ಅವರನ್ನು ಮನೆಗೆ ಅಟ್ಟಲಾಯಿತು. ಅಳುತ್ತಲೇ ಹಿಂದಿರುಗಿದವರು ಹಲವರು. ಆ ವಾರವೇ ಕಾಬೂಲಿನಲ್ಲಿ ಬಾಲಿಕೆಯರೂ ಸ್ತ್ರೀಯರೂ ಬೀದಿಗಿಳಿದು ಶಾಲೆ ತೆರೆಯಿರೆಂದು ಕೂಗಿದರು. ಅದೇ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಅವರಿಗೆ ಮುಚ್ಚಿತು. ಕಾಂದಹಾರದ ಕಡೆಯ ಪಷ್ತಾನಾ ದುರಾನಿ ಎಂಬ ತರುಣಿಯು ಕಟ್ಟಿದ ಸಂಸ್ಥೆಯಂತಹವು ಗುಟ್ಟಾಗಿ ಪಾಠ ನಡೆಸುತ್ತ ಬಂದಿವೆ. ಮನೆಗಳ ಒಳಕೋಣೆಗಳಲ್ಲಿ ಅಕ್ಕಂದಿರು ತಂಗಿಯರಿಗೆ ಗಣಿತ ಹೇಳುತ್ತಿದ್ದಾರೆ.

ಸ್ವಾತ್ ಕಣಿವೆಯ ಶಾಲೆಗಳು ಮರಳಿ ತೆರೆದವು. ಮಲಾಲಾ 2018ರಲ್ಲಿ ಹುಟ್ಟೂರಿಗೆ ಹೋಗಿ ತನ್ನ ಹಳೆಯ ಮನೆಯನ್ನು ನೋಡಿ ಬಂದಳು. ಕಾಬೂಲಿನ ಮಕ್ಕಳಿಗೆ ಮಾತ್ರ ಆ ದಿನವನ್ನು ಇನ್ನೂ ಯಾರೂ ಹೇಳಿಲ್ಲ.