ತತ್ತಿಯಿಲ್ಲದ ಕಾರ್ತಿಕ

ಸಾಕಣೆ ಎಂಬ ಸಂಬಂಧದ ಸ್ವರೂಪವನ್ನು ಸಾಕಿದ ಪ್ರಾಣಿ ಫಲ ಕೊಡುತ್ತಿರುವ ಕಾಲದಲ್ಲಿ ಅರಿಯಲಾಗದು. ಏಕೆಂದರೆ ಬುಟ್ಟಿಯಲ್ಲಿ ತತ್ತಿ ದೊರೆಯುತ್ತಿರುವಷ್ಟು ಕಾಲ ಸಾಕುವವರ ಅಕ್ಕರೆ, ರೂಢಿ, ಲಾಭದ ಆಸೆ ಮೂರೂ ಒಂದೇ ನೊಗಕ್ಕೆ ಹೆಗಲು ಕೊಟ್ಟಿರುವುದರಿಂದ, ಭಾರ ಎಳೆಯುತ್ತಿರುವುದು ಯಾವುದೆಂದು ನೋಡುವವರಿಗೂ ತಿಳಿಯದು, ಸಾಕುವವರಿಗೂ ತಿಳಿಯದು. ಫಲ ನಿಂತ ಮೇಲೆಯೇ ಈ ಮೂರೂ ಬೇರೆಬೇರೆಯಾಗಿ ಕಾಣತೊಡಗುತ್ತವೆ. ಗದಗ-ಬೆಟಗೇರಿಯ ಅಂಚಿನ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹಳ್ಳಿಗಳ ಹಿತ್ತಲುಗಳಲ್ಲಿ ಅಂಥ ಕಾಲವೊಂದು ಪ್ರತಿ ವರ್ಷ ಬರುತ್ತದೆ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಎಂಬ ಎಡೆಯನ್ನು ಚೆಲ್ಲಿ ಬಂದ ಮೇಲೆ, ಮಳೆ ಹಿಂದೆಗೆದು ಬೆಳಗಿನ ಇಬ್ಬನಿ ಮೊದಲಾಗಿ, ಎರೆ ಹೊಲಗಳಲ್ಲಿ ಹಿಂಗಾರಿ ಜೋಳವೂ ಕಡಲೆಯೂ ಮೇಲೇಳುತ್ತಿರುವಾಗ, ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಯವರೆಗಿನ ಆರೇಳು ವಾರಗಳಲ್ಲಿ ಜವಾರಿ ಕೋಳಿಗಳು, ಅಂದರೆ ಯಾವ ಸಂಸ್ಥೆಯೂ ರೂಪಿಸದೆ ಊರಿನಲ್ಲೇ ಮರಿಯಿಂದ ಮರಿಗೆ ಬೆಳೆದು ಬಂದ ತಳಿಯ ಕೋಳಿಗಳು, ಬಹುಪಾಲು ತತ್ತಿ ಇಡುವುದನ್ನು ನಿಲ್ಲಿಸುತ್ತವೆ. ಆ ವಾರಗಳಲ್ಲಿ ಮನೆಯವರು ಹ್ಯಾಟಿಯನ್ನು, ಅಂದರೆ ಹೆಣ್ಣುಕೋಳಿಯನ್ನು, ಕೊಯ್ಯದೆ ಕಾಯುತ್ತಾರೆ. ಈ ಕಾಯುವಿಕೆಯನ್ನು ಕರುಣೆ ಎಂದು ಕರೆಯುವುದು ಸುಲಭ, ಲೆಕ್ಕಾಚಾರ ಎಂದು ಕರೆಯುವುದು ಇನ್ನೂ ಸುಲಭ. ಆದರೆ ಅದು ಮೊದಲಿಗೆ ಒಂದು ಬಗೆಯ ತಿಳಿವಳಿಕೆ, ಉಳಿದುದೆಲ್ಲ ಆ ತಿಳಿವಳಿಕೆಯ ಬೆನ್ನಿಗೆ ಬರುವಂಥದು ಎಂಬುದು ಇಲ್ಲಿನ ವಾದ.

ತತ್ತಿ ನಿಲ್ಲುವುದಕ್ಕೆ ಕಾರಣ ಕೋಳಿಯ ಮೈಯೊಳಗೇ ಇದೆ. ಹಕ್ಕಿಯ ಮಿದುಳಿನ ಒಳಭಾಗವು ಕಣ್ಣಿನಿಂದಷ್ಟೇ ಅಲ್ಲದೆ ತಲೆಬುರುಡೆಯ ಮೂಲಕ ಹಾದು ಬರುವ ಬೆಳಕಿನಿಂದಲೂ ಹಗಲಿನ ಉದ್ದವನ್ನು ಅಳೆಯುತ್ತದೆ. ಹಗಲು ಮೊಟಕಾಗುತ್ತಾ ಬಂದಂತೆ ತತ್ತಿಯ ಬೆಳವಣಿಗೆಯನ್ನು ಪ್ರಚೋದಿಸುವ ರಸಗಳು ತಗ್ಗುತ್ತವೆ, ಮತ್ತು ವರ್ಷ ದಾಟಿದ ಕೋಳಿಯಲ್ಲಿ ಅದೇ ಹೊತ್ತಿಗೆ ಹಳೆಯ ಗರಿ ಉದುರಿ ಹೊಸ ಗರಿ ಮೂಡುವ ಕ್ರಿಯೆ ಆರಂಭವಾಗುತ್ತದೆ. ಗರಿಯ ಬಹುಪಾಲು ಪ್ರೋಟೀನ್ ಆಗಿರುವುದರಿಂದ, ತಿಪ್ಪೆ ಕೆದರಿ ಹೊಟ್ಟೆ ಹೊರೆಯುವ ಜೀವ ಗರಿಯನ್ನೂ ತತ್ತಿಯನ್ನೂ ಒಟ್ಟಿಗೆ ನೆಯ್ಯಲಾರದು. ಎರಡು ಮೂರು ತಿಂಗಳು ಅದು ತನ್ನ ಮೈಯನ್ನೇ ಹೊಸದಾಗಿ ಹೊಲಿದುಕೊಳ್ಳುತ್ತದೆ. ಆದರೆ ಶೀತದೇಶಗಳ ಪುಸ್ತಕಗಳಲ್ಲಿ ಬರೆದಿರುವ ಈ ವಿವರಣೆಯನ್ನು ಗದಗಿಗೆ ಹಾಗೆಯೇ ಒಯ್ದು ಹಚ್ಚುವಂತಿಲ್ಲ. ಸಮಭಾಜಕ ವೃತ್ತದಿಂದ ಹದಿನೈದೂವರೆ ಡಿಗ್ರಿಯಷ್ಟೇ ಉತ್ತರಕ್ಕಿರುವ ಇಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಅತಿ ಮೊಟಕಾದುದು 11 ಗಂಟೆ 10 ನಿಮಿಷದಷ್ಟು. ಎರಡು ಗಂಟೆಯೂ ತುಂಬದ ಈ ಅಂತರ ಕೋಳಿಯನ್ನು ಪೂರ್ತಿ ನಿಲ್ಲಿಸುವಷ್ಟು ಬಲವಾದುದಲ್ಲ. ಜವಾರಿ ಹ್ಯಾಟಿಯ ವರ್ಷವೇ ತುಂಡುತುಂಡಾದುದು: ಹನ್ನೆರಡು ಹದಿನೈದು ತತ್ತಿ ಇಟ್ಟು, ಇಪ್ಪತ್ತೊಂದು ದಿನ ಕಾವಿಗೆ ಕೂತು, ಮತ್ತೆರಡು ಮೂರು ತಿಂಗಳು ಮರಿಗಳನ್ನು ರೆಕ್ಕೆಯಡಿ ತಿರುಗಿಸಿ, ಆಮೇಲೆ ಮತ್ತೆ ತತ್ತಿಗೆ ಬರುವ ಅದರ ನಡೆಯಲ್ಲಿ ಬಿಡುವುಗಳೇ ಹೆಚ್ಚು. ಕಾರ್ತಿಕದಲ್ಲಿ ಬೆಳಕು, ವಯಸ್ಸು, ಕಾವು, ಗರಿ ಇವೆಲ್ಲವೂ ಒಂದರ ಮೇಲೊಂದು ಬೀಳುತ್ತವೆ, ಅಷ್ಟೆ. ಇದೇ ಮೊಟಕಾಗುವ ಹಗಲನ್ನು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಓದಿಕೊಂಡ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಲಕ್ಷ್ಮೇಶ್ವರದ ಸಮೀಪದ ಮಾಗಡಿ ಕೆರೆಗೆ ಇಳಿಯುವುದೂ ಈ ದಿನಗಳಲ್ಲಿಯೇ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕೆರೆಯ ಹಕ್ಕಿಯನ್ನು ನೋಡಲು ದೂರದಿಂದ ಬರುವವರು ದಾರಿಯ ಹಿತ್ತಲಿನಲ್ಲಿ ಕುತ್ತಿಗೆ ಬೋಳಾಗಿ ನಿಂತ ಕೋಳಿಯನ್ನು ರೋಗಿಷ್ಟವೆಂದು ಕಂಡು ಮುಂದೆ ಹೋಗುತ್ತಾರೆ. ಒಂದೇ ಋತುವಿನ ಎರಡು ಬರಹಗಳಲ್ಲಿ ಒಂದಕ್ಕೆ ಮಾತ್ರ ಓದುಗರು.

ಬರ್ಟ್ರಂಡ್ ರಸೆಲ್ 1912ರಲ್ಲಿ ಪ್ರಕಟಿಸಿದ ತತ್ತ್ವಶಾಸ್ತ್ರದ ಕಿರುಪುಸ್ತಕದಲ್ಲಿ ಒಂದು ಕೋಳಿ ಬರುತ್ತದೆ. ಅನುಗಮನ, ಅಂದರೆ ಹಿಂದೆ ಮತ್ತೆಮತ್ತೆ ನಡೆದುದರಿಂದ ಮುಂದೆಯೂ ಹಾಗೆಯೇ ನಡೆಯುತ್ತದೆಂದು ಊಹಿಸುವ ತರ್ಕ, ಎಷ್ಟು ನೆಚ್ಚತಕ್ಕದ್ದು ಎಂಬ ಪ್ರಶ್ನೆಗೆ ಅದು ಉದಾಹರಣೆ: ದಿನವೂ ಕಾಳು ಹಾಕಿದ ಕೈಯೇ ಒಂದು ದಿನ ಕುತ್ತಿಗೆ ಮುರಿಯುತ್ತದೆ, ಅದುವರೆಗಿನ ಎಲ್ಲ ದಿನಗಳ ಸಾಕ್ಷ್ಯ ಕೋಳಿಗೆ ಅದರ ಸುಳಿವನ್ನೂ ಕೊಟ್ಟಿರುವುದಿಲ್ಲ. ಈ ಉದಾಹರಣೆಯಲ್ಲಿ ತಪ್ಪು ಎಣಿಸುವುದು ಕೋಳಿ, ಎಲ್ಲವನ್ನೂ ಬಲ್ಲವನು ಮನುಷ್ಯ. ಕಾರ್ತಿಕದ ಹಿತ್ತಲು ಈ ಜಾಗಗಳನ್ನು ಅದಲುಬದಲು ಮಾಡುತ್ತದೆ. ಇಪ್ಪತ್ತು ದಿನ ಬುಟ್ಟಿ ಬರಿದಾಗಿದ್ದುದನ್ನು ಕಂಡು ಇಪ್ಪತ್ತೊಂದನೆಯ ದಿನ ಹ್ಯಾಟಿಯನ್ನು ಕೊಯ್ಯುವ ಮನೆಯವರು ರಸೆಲ್ಲನ ಕೋಳಿ ಮಾಡಿದ ತಪ್ಪನ್ನೇ ಮಾಡುತ್ತಾರೆ. ಕೋಳಿ ಕೈಯನ್ನು ನಂಬಿ ಕೆಟ್ಟರೆ ಇವರು ಬುಟ್ಟಿಯನ್ನು ನಂಬಿ ಕೆಡುತ್ತಾರೆ. ಕಾಯುವವರಾದರೋ ದಿನಗಳನ್ನು ಎಣಿಸುತ್ತಿರುವುದಿಲ್ಲ, ಕಾರಣವನ್ನು ನೋಡುತ್ತಿರುತ್ತಾರೆ. ತಲೆಯ ಜುಟ್ಟು ಕೆಂಪಗೆ ಮೆತ್ತಗಿದೆಯೋ ಬಿಳಿಚಿ ಬಿರುಸಾಗಿದೆಯೋ, ಕುತ್ತಿಗೆಯಲ್ಲಿ ಹೊಸ ಗರಿಯ ಮೊಳಕೆ ಮುಳ್ಳಿನಂತೆ ಕೈಗೆ ಹತ್ತುತ್ತದೆಯೋ, ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಎರಡು ಬೆರಳು ಹಿಡಿಯುತ್ತವೆಯೋ ಒಂದೋ ಎಂಬುದನ್ನು ಮುಟ್ಟಿ ನೋಡಿ, ಇದು ವಿಶ್ರಾಂತಿಯಲ್ಲಿರುವ ಕೋಳಿ, ಇದು ಮುಗಿದ ಕೋಳಿ ಎಂದು ಬೇರ್ಪಡಿಸುವ ಈ ವಿದ್ಯೆ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳದು, ಏಕೆಂದರೆ ತತ್ತಿ ಮಾರಿದ ದುಡ್ಡು ಅವರ ಕೈಯಲ್ಲಿಯೇ ಉಳಿಯುವ ಅಪರೂಪದ ದುಡ್ಡುಗಳಲ್ಲೊಂದು. ಅದಕ್ಕೆ ವಿದ್ಯೆ ಎಂಬ ಹೆಸರು ದೊರೆತಿಲ್ಲದಿರುವುದಕ್ಕೂ ಬಹುಶಃ ಅದೇ ಕಾರಣ.

  

ಈ ತಿಳಿವಳಿಕೆಯ ಹೊಗಳಿಕೆಗೆ ಒಂದು ಗಟ್ಟಿ ಆಕ್ಷೇಪವಿದೆ. ಹಿತ್ತಲ ಕೋಳಿಗೆ ಮನೆಯವರು ಹಾಕುವುದು ಮುಸುರೆ ಮತ್ತು ಒಂದು ಹಿಡಿ ನುಚ್ಚು. ಉಳಿದುದನ್ನು ಅದು ತಿಪ್ಪೆಯಿಂದ, ಬಣವೆಯ ಬುಡದಿಂದ, ಕಣದ ಅಂಚಿನಿಂದ ತಾನೇ ಹೆಕ್ಕಿಕೊಳ್ಳುತ್ತದೆ. ಖರ್ಚಿಲ್ಲದಿದ್ದಲ್ಲಿ ತಾಳ್ಮೆ ಯಾವ ದೊಡ್ಡ ಗುಣ? ಆಕ್ಷೇಪ ನಿಜ, ಆದರೆ ಅದು ಹೇಳುವುದಕ್ಕಿಂತ ಹೆಚ್ಚಿನದು ಅದರಲ್ಲಿದೆ. ಕೋಳಿ ಮನುಷ್ಯನ ಬಳಿಗೆ ಬಂದುದೇ ಚೆಲ್ಲಿದ ಕಾಳಿನ ಬೆನ್ನುಹತ್ತಿ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವಾದಿಸಿತು. ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬ ನೆಲೆಯಲ್ಲಿ ಕ್ರಿ.ಪೂ. 1650 ಮತ್ತು 1250ರ ನಡುವಿನ ಎಲುಬುಗಳನ್ನು ಸಾಕಿದ ಕೋಳಿಯ ಅತಿ ಹಳೆಯ ಕುರುಹೆಂದು ಗುರುತಿಸಿ, ಭತ್ತ ಮತ್ತು ಕಿರುಧಾನ್ಯಗಳ ಒಣ ಬೇಸಾಯವೇ ಕಾಡುಕೋಳಿಯನ್ನು ಮರದಿಂದ ಇಳಿಸಿ ಊರಿಗೆ ತಂದಿತೆಂದು ಅದು ಹೇಳುತ್ತದೆ. ಹಾಗಿದ್ದರೆ ಚೆಲ್ಲುವಿಕೆ ಈ ಸಂಬಂಧದ ಅಡಿಪಾಯ. ಕಾರ್ತಿಕದಲ್ಲಿ ಗದಗ ಸೀಮೆಯ ಡಾಂಬರು ರಸ್ತೆಗಳ ಒಂದು ಮಗ್ಗುಲಿಗೆ ಗೋವಿನಜೋಳ ಹರವಿರುತ್ತಾರೆ, ಅಂಗಳಗಳಲ್ಲಿ ಶೇಂಗಾ ಒಣಗುತ್ತಿರುತ್ತದೆ. ಆ ಕಾಳು ಬಹುಸಲ ಕೋಳಿಯನ್ನೇ ಸಾಕದ ಲಿಂಗಾಯತರದೋ ಜೈನರದೋ ಆಗಿರುತ್ತದೆ, ಕೋಳಿ ಮಾತ್ರ ಕುರುಬರ, ಬೇಡರ, ಮುಸಲ್ಮಾನರ, ದಲಿತರ ಮನೆಗಳಿಂದ ಹೊರಟು ಬಂದುದಾಗಿರುತ್ತದೆ. ಹೀಗಾಗಿ ಒಂದು ಮನೆಯ ತಾಳ್ಮೆಯ ವೆಚ್ಚವನ್ನು ಇನ್ನೊಂದು ಮನೆ ತನಗೆ ಅರಿವಿಲ್ಲದೆ, ಅರಿವಾದಾಗ ಬೈದುಕೊಳ್ಳುತ್ತಾ, ಭರಿಸುತ್ತದೆ. ಕಾಳಿಗೆ ಬಾಯಿ ಹಾಕಿದ ಕೋಳಿಯಿಂದ ಓಣಿಯಲ್ಲಿ ಏಳುವ ಜಗಳಗಳು ಈ ಅಲಿಖಿತ ಕರಾರಿನ ವಾರ್ಷಿಕ ನವೀಕರಣವಿದ್ದಂತೆ. ತಾಳ್ಮೆಯು ಒಬ್ಬರ ಹೃದಯದಲ್ಲಿರುವ ಗುಣವೆನ್ನುವುದಕ್ಕಿಂತ ಊರಿನ ಕಾಳಿನ ವ್ಯವಸ್ಥೆಯಲ್ಲಿ ಉಳಿದಿರುವ ಸಡಿಲವೆನ್ನುವುದು ಸರಿ. ಕಾಳನ್ನು ಸಿಮೆಂಟು ಕಣದಲ್ಲಿ ಯಂತ್ರಕ್ಕೆ ಕೊಟ್ಟು ನೇರ ಚೀಲಕ್ಕೆ ತುಂಬುವ ಊರಿನಲ್ಲಿ ಗರಿ ಉದುರಿಸುವ ಕೋಳಿಗೆ ಬಿಡುವು ಕೊಡುವ ಶಕ್ತಿ ಕಡಿಮೆಯಾಗುತ್ತದೆ, ಅಲ್ಲಿನ ಜನ ಎಷ್ಟೇ ಮೃದುವಾಗಿರಲಿ.

ಸಡಿಲವನ್ನು ಪೂರ್ತಿ ತೆಗೆದುಹಾಕಿದ ಜಾಗ ತತ್ತಿಯ ಕಾರ್ಖಾನೆ, ಅಂದರೆ ಪಂಜರದ ಫಾರ್ಮು. ಅಲ್ಲಿ ದಿನಕ್ಕೆ ಹದಿನಾರು ಗಂಟೆಯಷ್ಟು ಬೆಳಕು ಇರುವಂತೆ ಬಲ್ಬು ಉರಿಸುವುದರಿಂದ ಕೋಳಿಯ ಪಾಲಿಗೆ ಕಾರ್ತಿಕವೆಂಬುದೇ ಇಲ್ಲ. ಜವಾರಿ ಕೋಳಿ ವರ್ಷಕ್ಕೆ ನಲವತ್ತು, ಐವತ್ತು, ಹೆಚ್ಚೆಂದರೆ ಅರವತ್ತು ತತ್ತಿ ಇಟ್ಟರೆ ಅಲ್ಲಿನದು ಸುಮಾರು ಮುನ್ನೂರು ಇಡುತ್ತದೆ, ಮತ್ತು ಸಾಮಾನ್ಯವಾಗಿ 72 ವಾರ ತುಂಬುವ ಹೊತ್ತಿಗೆ, ಇಳುವರಿ ತಗ್ಗಿತೆಂದು, ಹಿಂಡಿಗೆ ಹಿಂಡೇ ಮಾಂಸಕ್ಕೆ ಹೋಗುತ್ತದೆ. ಈ ನಿರ್ಣಯವನ್ನು ಯಾವ ಒಂದು ಕೋಳಿಯನ್ನೂ ನೋಡಿ ಯಾರೂ ತೆಗೆದುಕೊಳ್ಳುವುದಿಲ್ಲ. ಅದು ಕೋಷ್ಟಕದಲ್ಲಿ ಮೊದಲೇ ಬರೆದಿರುತ್ತದೆ. ಕೂಲಿಯಾಳು ಹಿಡಿಯುತ್ತಾನೆ, ಲಾರಿಯವನು ಸಾಗಿಸುತ್ತಾನೆ, ಮಾಲೀಕನು ದರ ನೋಡುತ್ತಾನೆ, ಕೊಲ್ಲಬೇಕೆಂದು ಬಯಸಿದವರು ಈ ಸರಪಳಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಹಿತ್ತಲನ್ನೂ ಫಾರ್ಮನ್ನೂ ತೂಗಲು ಕನ್ನಡದಲ್ಲಿಯೇ ಹಳೆಯದೊಂದು ತಕ್ಕಡಿಯಿದೆ. ಪುಲಿಗೆರೆ ಎಂದು ಹೆಸರಾಗಿದ್ದ ಲಕ್ಷ್ಮೇಶ್ವರ ಶಂಖ ಬಸದಿಯ ಊರು, ಜೈನ ಚಿಂತನೆ ನೆಲೆಗೊಂಡಿದ್ದ ಊರು; ಆ ಪರಂಪರೆಗೇ ಸೇರಿದ ಜನ್ನ ಕವಿ 1209ರಲ್ಲಿ ಮುಗಿಸಿದ ಯಶೋಧರ ಚರಿತೆಯ ನಡುಗಂಬ ಒಂದು ಹಿಟ್ಟಿನ ಹುಂಜ. ದೇವಿಗೆ ಜೀವಬಲಿ ಕೊಡಬೇಕೆಂದು ತಾಯಿ ಹಟಹಿಡಿದಾಗ, ಕೊಲ್ಲಲು ಒಪ್ಪದ ಅರಸ ಕೊನೆಗೆ ಹಿಟ್ಟಿನಲ್ಲಿ ಮಾಡಿದ ಹುಂಜವನ್ನು ಕಡಿಯಲು ಒಪ್ಪುತ್ತಾನೆ, ಕತ್ತಿ ತಾಗಿದೊಡನೆ ಅದು ಕೂಗುತ್ತದೆ, ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಕೋಳಿಗಳಾಗಿಯೂ ಹುಟ್ಟಿ, ಆ ಏಟಿನ ಫಲವನ್ನು ಉಣ್ಣುತ್ತಾರೆ. ಇದನ್ನು ಸಂಕಲ್ಪ ಹಿಂಸೆ ಎನ್ನುತ್ತಾರೆ: ಜೀವ ಹೋಗದಿದ್ದರೂ ಕೊಲ್ಲುವ ಬಗೆ ಮನಸ್ಸಿನಲ್ಲಿ ಮೂಡಿದರೆ ಕೊಂದಂತೆಯೇ. ಈ ತಕ್ಕಡಿಯಲ್ಲಿಟ್ಟರೆ ಹಿತ್ತಲು ಸೋಲುತ್ತದೆಂಬುದನ್ನು ಮುಚ್ಚಿಡುವಂತಿಲ್ಲ. ಒಂದೊಂದು ಕೋಳಿಯನ್ನೂ ಮುಟ್ಟಿ, ನೋಡಿ, ಮುಗಿದುದೆಂದು ತೀರ್ಮಾನಿಸಿದ ಮೇಲೆ ಕೊಯ್ಯುವ ಮನೆಯಲ್ಲಿ ಸಂಕಲ್ಪ ತುಂಬಿ ತುಳುಕುತ್ತದೆ. ಫಾರ್ಮಿನಲ್ಲಿ ಅದು ಹುಡುಕಿದರೂ ದೊರೆಯದು. ಆದರೆ ಜನ್ನನ ಕಥೆಯನ್ನು ತಿರುವಿ ಹಿಡಿದು ನೋಡಿದಾಗ ಬೇರೊಂದು ಸಂಗತಿ ಕಾಣುತ್ತದೆ. ಅರಸನ ಹುಂಜ ಸುಳ್ಳು, ಸಂಕಲ್ಪ ನಿಜ. ಫಾರ್ಮಿನಲ್ಲಿ ಕೋಳಿ ನಿಜ, ಸಂಕಲ್ಪವೇ ಹಿಟ್ಟಿನದು, ಕಾಗದದ ಮೇಲೆ ನಾದಿಟ್ಟದ್ದು. ಜೀವವನ್ನು ಉಳಿಸಿ ಬಲಿಯನ್ನೂ ನಡೆಸಿಬಿಡಬಹುದೆಂಬ ಅರಸನ ಉಪಾಯವನ್ನು ಕಾವ್ಯ ಒಪ್ಪದಿದ್ದುದು ಅದು ಹೊಣೆಯಿಂದ ಜಾರುವ ದಾರಿಯಾಗಿದ್ದರಿಂದ. ಹೊಣೆಯನ್ನು ಹತ್ತು ಕೈಗಳಿಗೆ ಹಂಚಿ ಯಾರಲ್ಲಿಯೂ ಉಳಿಯದಂತೆ ಮಾಡುವುದೂ ಅಂಥದೇ ಉಪಾಯವಾದರೆ, ಆ ತಕ್ಕಡಿ ಅದನ್ನು ಏಕೆ ಬಿಡಬೇಕು? ಸಂಕಲ್ಪವನ್ನು ಒಬ್ಬರ ಎದೆಯೊಳಗಷ್ಟೇ ಹುಡುಕಿದ ಕಾಲದಲ್ಲಿ ಕೋಷ್ಟಕಗಳಿರಲಿಲ್ಲ.

ಹಿತ್ತಲಿನ ಜವಾರಿ ಕೋಳಿಗೂ ಫಾರ್ಮಿನ ಕೋಳಿಗೂ ನಡುವೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಗಳು ನಿಂತಿವೆ: ಹಿತ್ತಲಲ್ಲಿ ಬದುಕಬಲ್ಲವು, ಜವಾರಿಗಿಂತ ಹೆಚ್ಚು ತತ್ತಿ ಇಡಬಲ್ಲವು, ಕಾವಿಗೆ ಮಾತ್ರ ಕೂಡುವುದಿಲ್ಲ. ಹೀಗಾಗಿ ಅವುಗಳ ತತ್ತಿಯನ್ನು ಹಲವರು ಜವಾರಿ ಹ್ಯಾಟಿಯ ಕೆಳಗೆ ಇಟ್ಟು ಮರಿ ಮಾಡಿಸುತ್ತಾರೆ. ತತ್ತಿಯ ಲೆಕ್ಕದಲ್ಲಿ ಸೋಮಾರಿತನವೆಂದು ಬರೆದಿಟ್ಟ ಇಪ್ಪತ್ತೊಂದು ದಿನಗಳು ಮರಿಯ ಲೆಕ್ಕದಲ್ಲಿ ಇಡೀ ಹಿತ್ತಲಿನ ದುಡಿಮೆಯಾಗಿ ತಿರುಗುತ್ತವೆ. ಬಿಡುವು ಎಂಬುದು ಕೋಳಿಯ ಗುಣವಲ್ಲ, ಲೆಕ್ಕ ಹಿಡಿದವರು ಯಾವ ಕಾಲಮ್ಮಿನ ಮುಂದೆ ಕೂತಿದ್ದಾರೆ ಎಂಬುದರ ಗುಣ. ಹಾಗೆಂದು ಹಿತ್ತಲನ್ನು ತಪೋವನವೆಂದು ಬಣ್ಣಿಸಬೇಕಿಲ್ಲ. ಕೊಕ್ಕರೆ ರೋಗ ಬಂದರೆ, ಅಂದರೆ ರಾಣಿಖೇತ್ ಎಂಬ ವೈರಾಣು ಜ್ವರ ಹೊಕ್ಕರೆ, ಲಸಿಕೆ ಕಾಣದ ಓಣಿಯ ಕೋಳಿಗಳು ಒಂದೇ ವಾರದಲ್ಲಿ ಬುಟ್ಟಿಗೆ ಬುಟ್ಟಿ ಖಾಲಿಯಾಗುತ್ತವೆ. ಅಲ್ಲಿ ಮುಟ್ಟಿ ನೋಡುವ ಬೆರಳಿಗಿಂತ ಪಶು ಆಸ್ಪತ್ರೆಯ ಸೂಜಿ ಹೆಚ್ಚು ಬಲ್ಲದು.

ಮಾರ್ಗಶಿರದ ಚಳಿ ಹಿಡಿದ ಮೇಲೆ ಹೊಸ ಗರಿಯ ಹ್ಯಾಟಿಗಳ ಜುಟ್ಟು ಒಂದೊಂದಾಗಿ ಕೆಂಪೇರುತ್ತದೆ, ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಬುಟ್ಟಿಯಲ್ಲಿ ಮತ್ತೆ ತತ್ತಿ ಕಾಣುತ್ತದೆ, ಒಂದೆರಡರ ಜುಟ್ಟು ಮಾತ್ರ ಬಿಳಿಚಿಯೇ ಉಳಿಯುತ್ತದೆ. ಅವುಗಳನ್ನು ಕೊಯ್ಯುವ ಹೊತ್ತು ಬಂದಾಗ ಫಾರ್ಮಿನಂತೆಯೇ ಇಲ್ಲಿಯೂ ಹೊಣೆ ಹಂಚುವ ಸಣ್ಣ ಉಪಾಯಗಳಿವೆ: ಸಾಕಿದ ಕೈಯಿಂದ ಕೊಯ್ಯಬಾರದೆಂದು ಕೆಲವರು ಸಂತೆಗೆ ಒಯ್ದು ಮಾರುತ್ತಾರೆ, ಈ ಭಾಗದ ಹಲವು ಹಳ್ಳಿಗಳಲ್ಲಿ ಹಿಂದೂ ಮನೆಯವರೂ ಹಳೆಯ ವಾಡಿಕೆಯಂತೆ ಮುಲ್ಲಾನನ್ನು ಕರೆದು ಅವನ ಕೈಗೆ ಕತ್ತಿ ಬಿಡುತ್ತಾರೆ. ಅವನು ಅಂಗಳದಲ್ಲಿ ನಿಂತು ಯಾವುದು ಎಂದು ಕೇಳುತ್ತಾನೆ, ಮತ್ತು ಆ ಮಾತಿಗೆ ಉತ್ತರ ಕೊಡುವುದು ಕಾರ್ತಿಕವಿಡೀ ಕೋಳಿಗಳನ್ನು ಮುಟ್ಟಿ ನೋಡಿದ ಹೆಂಗಸಿಗೇ ಬರುತ್ತದೆ.