ಯಾರ ಮಾತು ಪ್ರಮಾಣ?

ತಾನು ಇಂಥವರ ಮಗ ಅಥವಾ ಮಗಳು ಎಂಬ ಅರಿವು ಯಾವ ಮನುಷ್ಯನಿಗೂ ಪ್ರತ್ಯಕ್ಷದಿಂದ ಬರುವುದಿಲ್ಲ. ಭಾರತೀಯ ತರ್ಕಶಾಸ್ತ್ರ ಹೇಳುವ ಪ್ರಮಾಣಗಳಲ್ಲಿ, ಎಂದರೆ ಸರಿಯಾದ ಅರಿವನ್ನು ತಂದುಕೊಡುವ ಸಾಧನಗಳಲ್ಲಿ, ಈ ವಿಷಯಕ್ಕೆ ಒದಗುವವು ಮುಖ್ಯವಾಗಿ ಎರಡು: ಕಂಡ ಕುರುಹಿನಿಂದ ಕಾಣದ್ದನ್ನು ತಿಳಿಯುವ ಅನುಮಾನ, ಮತ್ತು ಆಪ್ತನ, ಎಂದರೆ ನಂಬಲು ತಕ್ಕವನ, ಮಾತಾದ ಶಬ್ದ. ಆದರೆ ನಂಬಲು ತಕ್ಕವನು ಯಾರೆಂಬುದನ್ನು ಸಮಾಜದ ಅಂತಸ್ತು ನಿರ್ಧರಿಸತೊಡಗಿದರೆ ಶಬ್ದಪ್ರಮಾಣದ ಗತಿ ಏನಾಗುತ್ತದೆ ಎಂಬುದನ್ನು ಅಮೆರಿಕದ ವರ್ಜೀನಿಯಾ ಪ್ರಾಂತದ ಮಾಂಟಿಸೆಲೊ ಎಸ್ಟೇಟಿನ ಹೆಮಿಂಗ್ಸ್ ಕುಟುಂಬದ ಚರಿತ್ರೆ ತೋರಿಸಿಕೊಡುತ್ತದೆ.

ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ 1776ರ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ಆ ಎಸ್ಟೇಟಿನ ಒಡೆಯ. 1773ರಲ್ಲಿ ಅವನ ಮಾವ ಜಾನ್ ವೇಲ್ಸ್ ತೀರಿಕೊಂಡಾಗ ಹೆಂಡತಿಯ ಪಾಲಿನ ಆಸ್ತಿಯಾಗಿ ಬಂದ ಗುಲಾಮರಲ್ಲಿ ಸ್ಯಾಲಿ ಹೆಮಿಂಗ್ಸ್ ಎಂಬ ಹಸುಗೂಸೂ ಇದ್ದಳು. ಹೆಮಿಂಗ್ಸ್ ಕುಟುಂಬದ ಹೇಳಿಕೆಯಂತೆ ಅವಳು ವೇಲ್ಸನ ಮಗಳೇ, ಆದ್ದರಿಂದ ಜೆಫರ್ಸನ್ನನ ಹೆಂಡತಿಗೆ ಮಲತಂಗಿ. ಜೆಫರ್ಸನ್ ತನ್ನ ‘ಫಾರ್ಮ್ ಬುಕ್’ ಎಂಬ ಎಸ್ಟೇಟ್ ಪುಸ್ತಕದಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಅವರಿಗೆ ಹಂಚಿದ ಬಟ್ಟೆ ಕಂಬಳಿಗಳ ಲೆಕ್ಕವನ್ನು ಬರೆದಿಡುತ್ತಿದ್ದನು. ಅಲ್ಲಿ ಸ್ಯಾಲಿಯ ಮಕ್ಕಳಾದ ಬೆವರ್ಲಿ, ಹ್ಯಾರಿಯೆಟ್, ಮ್ಯಾಡಿಸನ್, ಎಸ್ಟನ್ ಇವರೆಲ್ಲರಿಗೂ ತಾಯಿಯ ಹೆಸರಿದೆ, ತಂದೆಯ ಹೆಸರಿಲ್ಲ. ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಎಂದು ವರ್ಜೀನಿಯಾದ 1662ರ ಕಾನೂನು ವಿಧಿಸಿದ್ದರಿಂದ ಒಡೆತನ ಸ್ಥಾಪಿಸಲು ತಾಯಿಯ ಹೆಸರೊಂದೇ ಸಾಕಾಗಿತ್ತು. ಮನುಷ್ಯರನ್ನು ಸ್ವತ್ತೆಂದು ಎಣಿಸಲು ಬರೆದ ಲೆಕ್ಕವನ್ನೇ ಅವರ ವಂಶಸ್ಥರು ಇಂದು ತಮ್ಮ ಹಿರಿಯರನ್ನು ಹುಡುಕಲು ತೆರೆಯಬೇಕಾಗಿದೆ ಎಂಬುದು ಆ ವ್ಯವಸ್ಥೆಯ ಕ್ರೌರ್ಯದ ಇನ್ನೊಂದು ಮುಖ.

ತಂದೆಯ ಹೆಸರನ್ನು ಮಕ್ಕಳೇ ಹೇಳಿದರು. 1873ರಲ್ಲಿ ಓಹಾಯೊ ಪ್ರಾಂತದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಮ್ಯಾಡಿಸನ್ ಹೆಮಿಂಗ್ಸ್, ತಾನೂ ತನ್ನ ಒಡಹುಟ್ಟಿದವರೂ ಜೆಫರ್ಸನ್ನನ ಮಕ್ಕಳೆಂದು ನೇರವಾಗಿ ತಿಳಿಸಿದನು. ಜೆಫರ್ಸನ್ನನ ಮೊಮ್ಮಕ್ಕಳಾದರೋ ಆ ಹೊಣೆಯನ್ನು ಅವನ ಸೋದರಳಿಯಂದಿರಾದ ಕಾರ್ ಸಹೋದರರ ಮೇಲೆ ಹೊರಿಸಿದರು. ಇತಿಹಾಸಕಾರರಲ್ಲಿ ಬಹುಪಾಲು ಜನ ಒಂದು ಶತಮಾನಕ್ಕೂ ಮಿಕ್ಕಿ ಈ ಎರಡನೆಯ ಮಾತನ್ನೇ ನಂಬಿ, ಮೊದಲನೆಯದನ್ನು ರಾಜಕೀಯ ವಿರೋಧಿಗಳ ಪ್ರಚಾರವೆಂದು ತಳ್ಳಿಹಾಕಿದರು. ಎರಡೂ ಶಬ್ದಪ್ರಮಾಣವೇ ಆಗಿದ್ದವು. ಎರಡು ಕಡೆಯವರಿಗೂ ಸ್ವಂತ ಹಿತಾಸಕ್ತಿ ಇತ್ತು. ಆದರೂ ಸಂಶಯವೆಲ್ಲ ಗುಲಾಮನಾಗಿ ಹುಟ್ಟಿದವನ ಪಾಲಿಗೆ ಬಂದಿತು.

1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಈ ವಾದದೊಳಗೆ ಹೊಸ ಅನುಮಾನಪ್ರಮಾಣವನ್ನು ತಂದಿತು. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿದು ಬರುತ್ತದೆ. ಜೆಫರ್ಸನ್ನನಿಗೆ ವಿವಾಹದಿಂದ ಹುಟ್ಟಿ ಬದುಕುಳಿದ ಗಂಡುಮಕ್ಕಳಿಲ್ಲದ್ದರಿಂದ ಅವನ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ನನ ಗಂಡು ಸಂತತಿಯವರ ಮಾದರಿಯನ್ನು ತೆಗೆದುಕೊಳ್ಳಲಾಯಿತು. ಎಸ್ಟನ್ ಹೆಮಿಂಗ್ಸನ ವಂಶದವರ ಮಾದರಿ ಅದಕ್ಕೆ ಹೊಂದಿತು, ಕಾರ್ ಮನೆತನದ್ದಕ್ಕೆ ಹೊಂದಲಿಲ್ಲ. ತಾವೂ ಜೆಫರ್ಸನ್ನನ ಸಂತತಿಯೆಂದು ತಲೆಮಾರುಗಳಿಂದ ನಂಬಿದ್ದ ಥಾಮಸ್ ವುಡ್‌ಸನ್ ವಂಶದವರ ಮಾದರಿಯೂ ಹೊಂದಲಿಲ್ಲವೆಂಬುದನ್ನು ಮರೆಯಬಾರದು, ಏಕೆಂದರೆ ಮನೆಯ ಮಾತೆಲ್ಲ ತಾನಾಗಿಯೇ ಸತ್ಯವಾಗುವುದಿಲ್ಲ.

ಪರೀಕ್ಷೆಗೂ ಮಿತಿಯಿತ್ತು. ಜೆಫರ್ಸನ್ನನ ತಮ್ಮ ರ‍್ಯಾಂಡಾಲ್ಫನಿಗೂ ಅವನ ಗಂಡುಮಕ್ಕಳಿಗೂ ಅದೇ ವರ್ಣತಂತು ಇದ್ದುದರಿಂದ ಅದು ಮನೆತನವನ್ನು ತೋರಿಸಬಲ್ಲುದೇ ಹೊರತು ವ್ಯಕ್ತಿಯನ್ನಲ್ಲ. ವ್ಯಕ್ತಿಯತ್ತ ಬೆರಳು ಮಾಡಿದವು ಹಳೆಯ ಕಾಗದಗಳೇ: ಪದೇ ಪದೇ ಊರು ಬಿಟ್ಟಿರುತ್ತಿದ್ದ ಜೆಫರ್ಸನ್ ಸ್ಯಾಲಿಯ ಪ್ರತಿ ಹೆರಿಗೆಗೆ ಒಂಬತ್ತು ತಿಂಗಳು ಮುಂಚೆ ಮಾಂಟಿಸೆಲೊದಲ್ಲಿದ್ದನು, ಮತ್ತು ಅವಳ ನಾಲ್ಕು ಮಕ್ಕಳಿಗೂ ಬಿಡುಗಡೆ ದೊರಕಿತು. ರಕ್ತದ ಕುರುಹು, ಎಸ್ಟೇಟಿನ ಲೆಕ್ಕ ಇವೆರಡೂ ಕೂಡಿ ಕೊನೆಗೆ ಬಂದು ನಿಂತದ್ದು ಮ್ಯಾಡಿಸನ್ 1873ರಲ್ಲಿ ಹೇಳಿದ ಮಾತಿನ ಬಳಿಗೇ.

ಆಪ್ತನ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಹೇಳಿದ್ದಾನೆ; ವಿಷಯವನ್ನು ನೇರವಾಗಿ ಅರಿತು, ಅರಿತಂತೆ ತಿಳಿಸಬಯಸುವವನು ಹುಟ್ಟಿನಿಂದ ಯಾರೇ ಆಗಿರಲಿ ಆಪ್ತನೇ. ಈ ನಿಯಮವನ್ನು ಜಾತಿಯ ಮೆಟ್ಟಿಲುಗಳಿದ್ದ ನಾಡಿನಲ್ಲೇ ಬರೆಯಲಾಯಿತು, ಬಹಳಷ್ಟು ಬಾರಿ ಅಲ್ಲೇ ಮುರಿಯಲಾಯಿತು ಕೂಡ. ಮಾಂಟಿಸೆಲೊದ ಕತೆಯಲ್ಲಿ ಹೆಚ್ಚು ನೋವುಂಟುಮಾಡುವ ಸಂಗತಿಯೆಂದರೆ, ಸತ್ಯ ಹೇಳಿದವನ ಮಾತು ನಿಲ್ಲಲು ಒಂದು ಪ್ರಯೋಗಶಾಲೆಯ ಸಮರ್ಥನೆ ಬೇಕಾಯಿತು ಎಂಬುದು. ಆ ಸಮರ್ಥನೆ ದೊರೆತ ಮೇಲೂ ಜೆಫರ್ಸನ್ ವಂಶಸ್ಥರ ಸಂಘ 2002ರಲ್ಲಿ ಹೆಮಿಂಗ್ಸ್ ವಂಶಸ್ಥರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ನಿರಾಕರಿಸಿತು.

ಮ್ಯಾಡಿಸನ್ನನ ಮಗ ವಿಲಿಯಂನ ಗೋರಿಯನ್ನು ತೆರೆದು ಅಸ್ಥಿಯಿಂದ ಮಾದರಿ ತೆಗೆಯೋಣವೆಂಬ ಸಲಹೆಯೂ ಬಂದಿತ್ತು. ತಮ್ಮ ಮನೆಯಲ್ಲಿ ಉಳಿದು ಬಂದ ಮಾತೇ ಸಾಕೆಂದು ವಂಶಸ್ಥರು ಅದನ್ನು ಒಪ್ಪಲಿಲ್ಲ. ಅವರ ನಿಲುವು ನ್ಯಾಯವಾದದ್ದೇ.